ಸೈರನ್ ಕೂಗಿದಾಗ ರೊಕೇಯಾ ಮೇಲಕ್ಕೆ ಓಡಿದರು

ಮೂವತ್ತೊಂದು ವರ್ಷ ನಂಜನಗೂಡಿನ ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸಿದೆ. ನೆರೆಯ ದೇಶಗಳ ಪಾಠದಲ್ಲಿ ಬಾಂಗ್ಲಾದೇಶಕ್ಕೆ ನಾನು ಕೊಡುತ್ತಿದ್ದದ್ದು ಒಂದೇ ಒಂದು ಪೀರಿಯಡ್. ಬೋರ್ಡಿನ ಮೇಲೆ ಮೂರು ನದಿ ಎಳೆದು, ಅವು ಸಮುದ್ರ ಸೇರುವ ಕಡೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ, "ಇದು ಮುಖಜಭೂಮಿ. ತಗ್ಗು ಪ್ರದೇಶ. ಜನಸಾಂದ್ರತೆ ಬಹಳ ಹೆಚ್ಚು. ಪದೇ ಪದೇ ಚಂಡಮಾರುತಕ್ಕೆ ತುತ್ತಾಗುತ್ತದೆ. ಅಪಾರ ಸಾವುನೋವು ಸಂಭವಿಸುತ್ತದೆ. ಬರ್ಕೊಳ್ಳಿ" ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆ ದೇಶದ ಒಬ್ಬರನ್ನೂ ನಾನು ಕಂಡಿರಲಿಲ್ಲ. ಸಮುದ್ರವನ್ನು ಕಂಡದ್ದೇ ಎರಡು ಸಲ, ಎರಡೂ ಸಲ ಶಾಲಾ ಪ್ರವಾಸದಲ್ಲಿ, ಮಕ್ಕಳ ತಲೆ ಎಣಿಸುವ ಗಡಿಬಿಡಿಯಲ್ಲಿ.

ನಿವೃತ್ತಿಯಾದ ಮೇಲೆ, ತಂಗಿ ವನಜ ಕರೆದಳೆಂದು ಅಮೆರಿಕಕ್ಕೆ ಹೊರಟೆ. ಅವಳು ಡೆಟ್ರಾಯಿಟ್ ಪಕ್ಕದ ಟ್ರಾಯ್ ಎಂಬ ಊರಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಇದ್ದಾಳೆ. ನಾಲ್ಕು ತಿಂಗಳು ಇದ್ದು ಬಂದೆ. ಏನೇನು ನೋಡಿದೆ ಎಂದು ಕೇಳಿದವರಿಗೆಲ್ಲ ಎತ್ತರದ ಕಟ್ಟಡ, ಜಲಪಾತ ಎಂದು ಬಾಯಿಗೆ ಬಂದದ್ದನ್ನು ಹೇಳಿ ಮುಗಿಸಿದ್ದೇನೆ. ನಿಜವಾಗಿ ನಾನು ನೋಡಿ ಬಂದದ್ದು ಒಬ್ಬ ಹೆಂಗಸನ್ನು. ಅವರ ವಿಷಯ ಇಲ್ಲಿ ಬರೆಯುತ್ತೇನೆ.

ಷಿಕಾಗೊ, ಇಳಿದ ದಿನ

ಕೊಲ್ಲಿ ದೇಶದಲ್ಲಿ ವಿಮಾನ ಬದಲಿಸಿದ ಮೇಲೆ ನನ್ನ ಪಕ್ಕದ ಸೀಟಿಗೆ ಬಂದವರು ರೊಕೇಯಾ ಬೇಗಂ. ನನ್ನದೇ ವಯಸ್ಸು. ಹತ್ತಿಯ ಸೀರೆ, ಅದರ ಮೇಲೆ ಯಾರದೋ ಗಂಡಸಿನ ಸ್ವೆಟರ್. ಬೆಲ್ಟು ಹಾಕಿಕೊಳ್ಳುವುದು ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಗಗನಸಖಿ ಬಂದು ಇಬ್ಬರಿಗೂ ಒಟ್ಟಿಗೆ ಬಿಗಿದು ಹೋದಳು. ಅಲ್ಲಿಗೆ ಪರಿಚಯವಾಯಿತು. ಅವರಿಗೆ ಟಿ.ವಿ. ಧಾರಾವಾಹಿ ನೋಡಿ ಕಲಿತ ಹಿಂದಿ, ನನಗೆ ಪರೀಕ್ಷೆ ಪಾಸು ಮಾಡಿ ಮರೆತ ಹಿಂದಿ. ಇಬ್ಬರೂ ಸಮಸಮ ತಪ್ಪು ಮಾಡುತ್ತಿದ್ದುದರಿಂದ ಸಂಕೋಚವೇ ಇರಲಿಲ್ಲ. ಅವರು ನನ್ನನ್ನು 'ದೀದಿ' ಎಂದರು. ಅವರ ಕಡೆ ಅಕ್ಕನಿಗೆ 'ಆಪಾ' ಎನ್ನುತ್ತಾರೆಂದು ತಿಳಿದು ನಾನು ಆಪಾ ಎಂದೆ. ನನ್ನ ತಟ್ಟೆಯಲ್ಲಿ ತಪ್ಪಿ ಮಾಂಸ ಬಂದಾಗ, ನಾನು ಬಾಯಿ ಬಿಡುವ ಮೊದಲೇ ತಮ್ಮ ಬನ್ನು, ಹಣ್ಣು, ಮೊಸರು ನನ್ನ ಕಡೆ ತಳ್ಳಿ, ಆ ಮಾಂಸದ ಡಬ್ಬಿಗೆ ಮುಚ್ಚಳ ಹಾಕಿದರು.

ಮೇಘನಾ ನದಿ ಸಮುದ್ರ ಸೇರುವಲ್ಲಿ ಒಂದು ದ್ವೀಪ ಅವರ ಊರು. ಡೆಟ್ರಾಯಿಟ್ ಒಡಲಲ್ಲೇ ಇರುವ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿನಲ್ಲಿ ಮಗಳು ಶಿರೀನ್ ತುಂಬು ಗರ್ಭಿಣಿ. ಬಾಣಂತನಕ್ಕೆ ಹೊರಟಿದ್ದರು. ಷಿಕಾಗೊದಲ್ಲಿ ಇಳಿದಾಗ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ನಾನು ಹಿಂದಿಗೆ ತಿರುಗಿಸುವಷ್ಟರಲ್ಲಿ ಅವರು ಹೊಟ್ಟೆಯ ಮುಂದೆ ಕೈಯಿಂದ ದೊಡ್ಡದೊಂದು ವೃತ್ತ ಬರೆದು, ಆಮೇಲೆ ತೋಳಿನಲ್ಲಿ ತೊಟ್ಟಿಲು ತೂಗಿ ತೋರಿಸಿದರು. ಅಧಿಕಾರಿ ನಕ್ಕು ಮುದ್ರೆ ಒತ್ತಿದ. ಸಿಕ್ಕಿಬಿದ್ದವಳು ನಾನು. ಸಾಮಾನು ಮೂಸುವ ನಾಯಿ ಅವರ ಒಣಮೀನಿನ ಪೊಟ್ಟಣ ದಾಟಿ ಬಂದು ನನ್ನ ಚೀಲದ ಪಕ್ಕದಲ್ಲಿ ಠೀವಿಯಿಂದ ಕೂತುಬಿಟ್ಟಿತು. ಒಳಗಿದ್ದದ್ದು ಅವರೇ ವಿಮಾನದಲ್ಲಿ ಕೊಟ್ಟ ಕಿತ್ತಳೆ ಹಣ್ಣು.

ಹೊರಗೆ ಗುಡುಗು. ಡೆಟ್ರಾಯಿಟ್‌ಗೆ ಹೋಗಬೇಕಾದ ನನ್ನ ವಿಮಾನ ರದ್ದಾಗಿತ್ತು. ರೊಕೇಯಾರ ಟಿಕೆಟ್ ಷಿಕಾಗೊವರೆಗೆ ಮಾತ್ರ. ಅವರ ಅಳಿಯ ಕಮಾಲ್ ಕಾರು ತಂದಿದ್ದರು. ಆಪಾ ನನ್ನ ಕೈ ಬಿಡಲಿಲ್ಲ. "ದೀದಿ ನಮ್ಮ ಜೊತೆ ಬರ್ತಾರೆ" ಎಂದು ಅಳಿಯನಿಗೆ ಅಪ್ಪಣೆ ಮಾಡಿಬಿಟ್ಟರು. ನಾನು ವನಜಳಿಗೆ ಫೋನ್ ಮಾಡಿದೆ.

"ಅಕ್ಕಾ, ಅವರು ಯಾರು, ಏನು ಅಂತ ಗೊತ್ತಾ ನಿಂಗೆ? ಸುಮ್ನೆ ಅಲ್ಲೇ ಇರು. ಶ್ರೀಧರ್ ಆಫೀಸ್ ಮುಗಿಸಿ ಡ್ರೈವ್ ಮಾಡ್ಕೊಂಡು ಬರ್ತಾರೆ." ಶ್ರೀಧರ್ ಅವಳ ಗಂಡ.

"ಹದಿನಾಲ್ಕು ಗಂಟೆ ಪಕ್ಕದಲ್ಲಿ ಕೂತಿದೀನಿ ಕಣೇ."

"ಪಕ್ಕದಲ್ಲಿ ಕೂತ್ರೆ ಗೊತ್ತಾದ ಹಾಗಾ?"

ಕಮಾಲ್‌ಗೆ ಮಾತು ಅರ್ಥವಾಗದಿದ್ದರೂ ಧಾಟಿ ಅರ್ಥವಾಗಿರಬೇಕು. ತಮ್ಮ ಡ್ರೈವಿಂಗ್ ಲೈಸೆನ್ಸು, ಕಾರಿನ ನಂಬರು ಎರಡರ ಫೋಟೊ ತೆಗೆದು, "ಆಂಟಿ, ಇದನ್ನ ನಿಮ್ಮ ತಂಗಿಗೆ ಕಳಿಸಿ. ನನ್ನ ಅಮ್ಮ ಆಗಿದ್ದರೆ ನಾನೂ ಕೇಳ್ತಿದ್ದೆ" ಎಂದರು. ನನಗೆ ನಾಚಿಕೆಯಾಯಿತು. ಆದರೂ ಕಳಿಸಿದೆ.

ಸರೋವರದ ದಡ

ಷಿಕಾಗೊದಿಂದ ಡೆಟ್ರಾಯಿಟ್ ಕಡೆಗೆ ಹೋಗುವ ರಸ್ತೆ ಮಿಷಿಗನ್ ಸರೋವರವನ್ನು ಬಳಸಿಕೊಂಡು ಹೋಗುತ್ತದೆ. ಮಳೆ ಹಿಂದೆ ಉಳಿದು ಬಿಸಿಲು ಬಂದಿತ್ತು. ನಾನು ಪಾಠದಲ್ಲಿ 'ಪಂಚ ಮಹಾಸರೋವರಗಳು' ಎಂದು ಹೆಸರು ಕಂಠಪಾಠ ಮಾಡಿಸಿದ್ದೆನೇ ಹೊರತು, ಇಷ್ಟು ನೀರು ಎಂದು ನನಗೆ ಅಂದಾಜೇ ಇರಲಿಲ್ಲ. ಒಂದು ಕಡೆ ಮರಳುದಿಬ್ಬಗಳ ಸಂದಿಯಲ್ಲಿ ಅದು ಕಂಡಿತು. ಆಚೆ ದಡವೇ ಇಲ್ಲ. ಅಲೆ ಏಳುತ್ತಿತ್ತು.

ಅಲ್ಲಿಯವರೆಗೆ ಹರಟುತ್ತಿದ್ದ ಆಪಾ ಸೀಟಿನ ಅಂಚಿಗೆ ಸರಿದರು. ಅಳಿಯನನ್ನು ಕೇಳಿದರು. "ಮನೆ ಈ ಸಮುದ್ರದಿಂದ ಎಷ್ಟು ದೂರ?"

"ಇದು ಸಮುದ್ರ ಅಲ್ಲ ಅಮ್ಮಾ. ಮನೆ ಇನ್ನೂ ನಾಲ್ಕು ಗಂಟೆ ದಾರಿ."

"ಮನೆ ಎತ್ತರದಲ್ಲಿದೆಯಾ?"

"ಎರಡು ಅಂತಸ್ತಿದೆ."

ಎರಡು ಅಂತಸ್ತು ಎಂಬುದು ಕಿವಿಗೆ ಬಿದ್ದ ಮೇಲೆಯೇ ಅವರು ಸೀಟಿಗೆ ಒರಗಿದ್ದು.

ಕಾಲು ಸಡಿಲಿಸಲು ಕಮಾಲ್ ಒಂದು ಬೀಚಿನ ಹತ್ತಿರ ನಿಲ್ಲಿಸಿದರು. ಮೇ ತಿಂಗಳಾದರೂ ಚಳಿ ನನ್ನ ಕಿವಿ ಕಚ್ಚುತ್ತಿತ್ತು. ಆಪಾ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ನೀರಿನಂಚಿಗೆ ಹೋದರು. ಬಗ್ಗಿ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದರು. ನಂಬಿಕೆಯಾಗದೆ ಇನ್ನೊಮ್ಮೆ ಬೊಗಸೆಯಲ್ಲಿ ತುಂಬಿ ಕುಡಿದರು. ನನ್ನ ಕಡೆ ತಿರುಗಿ ಕೂಗಿದರು. "ಸಿಹಿ ನೀರು ದೀದಿ! ಇಷ್ಟೂ ಸಿಹಿ ನೀರು!"

ಕಾರಿಗೆ ಮರಳಿದ ಮೇಲೆ ಹೇಳಿದರು: ತುಫಾನು ಬಂದು ಹೋದರೆ ಅವರ ದ್ವೀಪದ ಕೆರೆಗಳೆಲ್ಲ ಉಪ್ಪಾಗುತ್ತವೆ, ಸುತ್ತ ನೀರೇ ನೀರು, ಕುಡಿಯಲು ಮಾತ್ರ ಒಂದು ಲೋಟ ಇರುವುದಿಲ್ಲ. ಆಮೇಲೆ ನಾನು ಟೀಚರ್ ಎಂದು ನೆನಪಾಗಿ ಕೇಳಿದರು. "ನಮ್ಮ ದೇಶದ ಬಗ್ಗೆಯೂ ಪಾಠ ಮಾಡ್ತಿದ್ರಾ? ಏನಂತ ಹೇಳ್ತಿದ್ರಿ?"

"ದೊಡ್ಡ ದೊಡ್ಡ ನದಿಗಳಿವೆ, ಬಹಳ ಹಸಿರು ಅಂತ" ಎಂದೆ. ಸುಳ್ಳು. ಅವರಿಗೆ ಸಂತೋಷವಾಯಿತು.

ಟ್ರಾಯ್

ವನಜಳ ಊರಿನಲ್ಲಿ ಎಲ್ಲವೂ ಅಗಲ. ರಸ್ತೆ ಅಗಲ, ಹುಲ್ಲುಹಾಸು ಅಗಲ, ಎರಡು ಮನೆಗಳ ನಡುವಿನ ಮೌನವೂ ಅಗಲ. ಶ್ರೀಧರ್ ಆಬರ್ನ್ ಹಿಲ್ಸ್ ಕಡೆ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರ್. ಅವರ ಒಬ್ಬಳೇ ಮಗಳು ಇಂಚರ ಕಾಲೇಜಿನಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. 'ದೊಡ್ಡಮ್ಮ' ಎಂಬ ಒಂದು ಪದ ಮಾತ್ರ ಅಚ್ಚ ಮೈಸೂರಿನದು.

ಹಾಲು ತರಬೇಕೆಂದರೂ ಕಾರು. ನಾನೊಂದು ದಿನ ಕೊತ್ತಂಬರಿ ಸೊಪ್ಪು ತರುತ್ತೇನೆಂದು ನಡೆದು ಹೊರಟೆ. ಒಂದು ಮೈಲಿ ದಾಟುವಷ್ಟರಲ್ಲಿ ಮೂರು ಕಾರುಗಳು ನಿಂತು, ಏನಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿದವು. ಮೂರನೆಯದರಲ್ಲಿ ಇದ್ದವಳು ವನಜಳೇ.

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಊಟ ಬಡಿಸುತ್ತಿದ್ದಾಗ ಊರಿಗೆ ಊರೇ ಊಳಿಟ್ಟಂತೆ ಸೈರನ್ ಕೂಗಿತು. ನನ್ನ ಕೈಯ ಸಾರಿನ ಸೌಟು ಕೆಳಗೆ ಬಿತ್ತು. ವನಜ ನಕ್ಕಳು.

"ಟೆಸ್ಟಿಂಗ್ ಅಕ್ಕಾ. ಸುಂಟರಗಾಳಿ ಬಂದ್ರೆ ಹೀಗೆ ಕೂಗತ್ತೆ. ಆಗ ಎಲ್ಲಾ ಬಿಟ್ಟು ಬೇಸ್‌ಮೆಂಟಿಗೆ ಇಳೀಬೇಕು."

ಅವಳ ಬೇಸ್‌ಮೆಂಟ್ ಎಂದರೆ ನೆಲದಡಿಯಲ್ಲಿ ಇನ್ನೊಂದು ಮನೆ. ದಸರಾ ಗೊಂಬೆಗಳ ಪೆಟ್ಟಿಗೆ, ಉಪ್ಪಿನಕಾಯಿ ಜಾಡಿ, ಯಾರೂ ಹತ್ತದ ಟ್ರೆಡ್‌ಮಿಲ್ ಎಲ್ಲ ಅಲ್ಲಿವೆ. ಅಂದು ಸಂಜೆ ಆಪಾ ಫೋನ್ ಮಾಡಿದರು. ವಾರಕ್ಕೆ ಎರಡು ಸಲ ನಮ್ಮ ಮಾತು ನಡೆಯುತ್ತಿತ್ತು. ಹೆಣ್ಣು ಮಗು ಹುಟ್ಟಿದ ಸುದ್ದಿ ಹೇಳಲು ಮಾಡಿದ್ದರು. ಅದೆಲ್ಲ ಆದ ಮೇಲೆ ನಾನು ಸೈರನ್ನಿನ ಕಥೆ ಹೇಳಿ ನಗಿಸಲು ನೋಡಿದೆ.

"ಗಾಳಿ ಬಂದ್ರೆ ಕೆಳಗೆ ಹೋಗ್ತೀರಾ?" ಎಂದರು. "ನೆಲದ ಕೆಳಗಾ?"

"ಹೌದಂತೆ."

ಎರಡು ಸಲ ಹಲೋ ಎಂದೆ. ಫೋನ್ ಕಡಿದುಹೋಯಿತೆಂದು ನಾನು ಇಟ್ಟುಬಿಟ್ಟೆ.

ಪ್ರವಾಹವೆಂದರೆ ನನಗೆ ಗೊತ್ತಿದ್ದದ್ದು ನಮ್ಮ ಕಪಿಲೆಯದು. ಅಣೆಕಟ್ಟೆಯಿಂದ ನೀರು ಬಿಟ್ಟರೆಂದು ಸುದ್ದಿ ಬರುತ್ತಿತ್ತು. ಸ್ನಾನಘಟ್ಟದ ಮೆಟ್ಟಿಲು ಎಷ್ಟು ಮುಳುಗಿತು ಎಂದು ನೋಡಲು ನಾವು ಕಡಲೆಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ನದಿ ಬಂದಷ್ಟೇ ನಿಧಾನವಾಗಿ ಹಿಂದಕ್ಕೆ ಹೋಗುತ್ತಿತ್ತು. ದಡದ ಬಡಾವಣೆಯವರು ಶಾಲೆಯಲ್ಲಿ ಬಂದು ಮಲಗುತ್ತಿದ್ದರು. ನಮಗೆ ರಜೆ ಸಿಗುತ್ತಿತ್ತು. ಅವರ ಹಾಸಿಗೆ ಎಷ್ಟು ದಿನಕ್ಕೆ ಒಣಗಿತು ಎಂದು ನಾನು ಕೇಳಿದ ನೆನಪಿಲ್ಲ.

ಹ್ಯಾಮ್‌ಟ್ರಾಮಿಕ್, ಒಂದು ಬುಧವಾರ

ಮಗುವಿಗೆ ಇಪ್ಪತ್ತು ದಿನ ತುಂಬಿದಾಗ ಊಟಕ್ಕೆ ಕರೆದರು. ಇಂಚರ ಕಾರಿನಲ್ಲಿ ಕರೆದೊಯ್ದಳು. ಟ್ರಾಯ್‌ನಿಂದ ಅರ್ಧ ಗಂಟೆ, ಆದರೆ ಬೇರೆಯದೇ ಲೋಕ. ಮರದ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯಿಂದ ಸಕ್ಕರೆ ಇಸಿದುಕೊಳ್ಳಬಹುದು. ಅಂಗಳದಲ್ಲಿ ಚಪ್ಪರ ಹಾಕಿ ಸೋರೆ ಬಳ್ಳಿ ಹಬ್ಬಿಸಿದ್ದಾರೆ. ಹೆಂಗಸರು ಮೆಟ್ಟಿಲ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಾರೆ. ನಾಲ್ಕು ವಾರಗಳ ಮೇಲೆ ಮೊದಲ ಸಲ ನನಗೆ ಊರಿಗೆ ಬಂದಂತಾಯಿತು.

ಶಿರೀನ್ ಕಾರಿನ ಸೀಟಿಗೆ ಹೊಲಿಗೆ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ. ಈಗ ರಜೆಯಲ್ಲಿದ್ದಳು. ಕಮಾಲ್ ಕೆಲಸಕ್ಕೆ ಹೋಗಿದ್ದರು. ನನಗಾಗಿ ಆಪಾ ಬೇರೆ ಬಾಣಲೆ ತೊಳೆದಿಟ್ಟು, ಮೀನಿನ ಸೋಂಕಿಲ್ಲದೆ ಸೋರೆಕಾಯಿ, ಬೇಳೆ ಮಾಡಿದ್ದರು. ಊಟವಾದ ಮೇಲೆ ಕಾಲು ನೀಡಿ ಕೂತು ಮಗುವಿಗೆ ಎಣ್ಣೆ ಹಚ್ಚಿ ನೀವುತ್ತಿದ್ದರು. ಸೆಕೆ ಬಹಳ ಇತ್ತು. ಮಧ್ಯಾಹ್ನ ಮೂರಕ್ಕೆ ಆಕಾಶ ಹಸಿರು ಬಣ್ಣಕ್ಕೆ ತಿರುಗಿತು. ಹಸಿರು ಆಕಾಶವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇದ್ದಕ್ಕಿದ್ದಂತೆ ಶಿರೀನಳ ಫೋನು, ಇಂಚರಳ ಫೋನು ಒಟ್ಟಿಗೆ ಚೀರಿದವು. ಹಿಂದೆಯೇ ಊರಿನ ಸೈರನ್.

"ಬೇಸ್‌ಮೆಂಟ್! ಎವ್ರಿಬಡಿ, ನೌ!" ಎಂದು ಇಂಚರ ಎದ್ದಳು. ಶಿರೀನ್ ಅಡುಗೆಮನೆಯ ಪಕ್ಕದ ಬಾಗಿಲು ತೆಗೆದು ಕೆಳಗಿನ ದೀಪ ಹಾಕಿದಳು. ತಿರುಗಿ ನೋಡಿದರೆ ಆಪಾ ಇಲ್ಲ, ಮಗುವೂ ಇಲ್ಲ. ಮೇಲಿನ ಅಂತಸ್ತಿನ ಮರದ ಮೆಟ್ಟಿಲ ಮೇಲೆ ದಡದಡ ಸದ್ದು.

"ಮಾ!" ಎಂದು ಶಿರೀನ್ ಕಿರುಚಿದಳು. ಮೆಟ್ಟಿಲು ಹತ್ತಲು ಹೋಗಿ ಹೊಟ್ಟೆ ಹಿಡಿದುಕೊಂಡು ಮೂರನೆಯದರಲ್ಲೇ ಕುಸಿದಳು. ಸಿಸೇರಿಯನ್ ಆಗಿ ಮೂರು ವಾರವೂ ಆಗಿರಲಿಲ್ಲ.

"ನೀನು ಇವಳನ್ನ ಕೆಳಗೆ ಕರ್ಕೊಂಡು ಹೋಗು" ಎಂದು ಇಂಚರಳಿಗೆ ಹೇಳಿದೆ.

"ದೊಡ್ಡಮ್ಮ, ನೋ! ಡೋಂಟ್ ಗೋ ಅಪ್!" ಅವಳು ನನ್ನ ಸೆರಗು ಹಿಡಿದಳು. ಬಿಡಿಸಿಕೊಂಡು ಹತ್ತಿದೆ. ನನಗೆ ಧೈರ್ಯವಿತ್ತು ಎಂದೇನೂ ಅಲ್ಲ. ಆ ಕ್ಷಣದಲ್ಲಿ ಅವರ ಜೊತೆ ಅರ್ಧಂಬರ್ಧ ಹಿಂದಿಯಲ್ಲಾದರೂ ಮಾತಾಡಬಲ್ಲವಳು, ಮೆಟ್ಟಿಲು ಹತ್ತಬಲ್ಲವಳು ನಾನೊಬ್ಬಳೇ ಇದ್ದೆ.

ಆಪಾ ಮೇಲಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಗೋಡೆಗೊರಗಿ ಕೂತಿದ್ದರು. ಮಗುವನ್ನು ಎದೆಗೆ ಅವಚಿ, ಸೆರಗಿನಿಂದ ಸುತ್ತಿ, ಬೆನ್ನಿನ ಹಿಂದಿನಿಂದ ಎಳೆದು ಮುಂದೆ ಗಂಟು ಹಾಕುತ್ತಿದ್ದರು. ಒಂದರ ಮೇಲೊಂದು ಗಂಟು. ಹೊರಗೆ ದೊಡ್ಡ ಮೇಪಲ್ ಮರ ಇಡೀ ಮೈ ಬಗ್ಗಿಸಿ ಕಿಟಕಿಗೆ ಬಡಿಯುತ್ತಿತ್ತು.

"ಆಪಾ, ಕೆಳಗೆ ಬನ್ನಿ. ಇಲ್ಲಿ ನೀರು ಬರಲ್ಲ. ಗಾಳಿ ಅಷ್ಟೇ."

"ಗಾಳಿ ಮೊದಲು ಬರುತ್ತೆ ದೀದಿ. ನೀರು ಆಮೇಲೆ ಬರುತ್ತೆ." ಗಂಟು ಬಿಗಿಯುವುದನ್ನು ಅವರು ನಿಲ್ಲಿಸಲಿಲ್ಲ. "ಆವತ್ತು ಕೈಯಲ್ಲಿ ಹಿಡಿದಿದ್ದೆ. ಕಟ್ಟಿಕೊಂಡಿರಲಿಲ್ಲ."

ಯಾರನ್ನು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಭೂಗೋಳದ ಟೀಚರ್ ಆಗಿ ನನ್ನಲ್ಲಿ ಎಷ್ಟೋ ಕಾರಣಗಳಿದ್ದವು: ಸಮುದ್ರ ಇಲ್ಲಿಂದ ಎಷ್ಟು ದೂರ, ಸುಂಟರಗಾಳಿಗೂ ಚಂಡಮಾರುತಕ್ಕೂ ವ್ಯತ್ಯಾಸವೇನು. ಒಂದೂ ಬಾಯಿಗೆ ಬರಲಿಲ್ಲ. ಅವರ ಎದುರು ಮಂಡಿಯೂರಿ ಕೂತೆ.

"ಗಂಟು ಗಟ್ಟಿಯಾಗಿದೆಯಾ ನೋಡಿ" ಎಂದರು.

ಎಳೆದು ನೋಡಿದೆ. "ಗಟ್ಟಿಯಾಗಿದೆ. ಬಿಚ್ಚಿಹೋಗಲ್ಲ." ಆಮೇಲೆ ಹೇಳಿದೆ. "ಆಪಾ, ಪೂರ್ತಿ ಕೆಳಗೆ ಹೋಗೋದು ಬೇಡ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂರೋಣ. ನೀರು ಬಂತು ಅಂದ್ರೆ ಎಲ್ಲರಿಗಿಂತ ಮೊದಲು ನೀವೇ ಮೇಲಕ್ಕೆ ಓಡಿ. ನಾನು ನಿಮ್ಮ ಹಿಂದೇನೇ ಇರ್ತೀನಿ."

"ಬಾಗಿಲು ಹಾಕಲ್ವಾ?"

"ಹಾಕಲ್ಲ. ನನ್ನ ಚಪ್ಪಲಿ ಅಡ್ಡ ಇಡ್ತೀನಿ."

ಅವರು ನನ್ನ ಮುಖ ನೋಡಿದರು. ತರಗತಿಯಲ್ಲಿ ಸುಳ್ಳು ಹೇಳುವ ಮಕ್ಕಳನ್ನು ನಾನು ನೋಡುತ್ತಿದ್ದ ರೀತಿಯಲ್ಲೇ ನೋಡಿದರು. ಆಮೇಲೆ ಎದ್ದರು.

ಮಾತಿನಂತೆ ಬಾಗಿಲಿಗೆ ಚಪ್ಪಲಿ ಸಿಕ್ಕಿಸಿ, ನಡುವಿನ ಮೆಟ್ಟಿಲಿನಲ್ಲಿ ಕೂತೆವು. ಕೆಳಗಿನ ಮೆಟ್ಟಿಲಿನಲ್ಲಿ ಶಿರೀನ್, ಅವಳ ಪಕ್ಕ ಇಂಚರ. ಮೂರು ನಿಮಿಷವೂ ಆಗಿರಲಿಕ್ಕಿಲ್ಲ, ಮೇಲೆ ಎಲ್ಲೋ ಗಾಜು ಒಡೆದು ಚೆಲ್ಲಿದ ಸದ್ದು, ಆಮೇಲೆ ಮನೆಯೇ ಒಮ್ಮೆ ನಡುಗಿತು. ದೀಪ ಮಿಣುಕಿತು. ಮಗು ಮಾತ್ರ ಅಜ್ಜಿಯ ಎದೆಯಲ್ಲಿ ನಿದ್ದೆ ಮಾಡುತ್ತಿತ್ತು.

ಆಪಾ ಮಗಳ ತಲೆಯ ಮೇಲೆ ಕೈಯಿಟ್ಟು ಬಂಗಾಳಿಯಲ್ಲಿ ಮಾತು ಶುರು ಮಾಡಿದರು. ನನಗೆ ತಿಳಿದದ್ದು ಅರ್ಧ, ಉಳಿದದ್ದನ್ನು ಶಿರೀನ್ ಆಮೇಲೆ ಹೇಳಿದಳು. ಆಗ ಆಪಾಗೆ ಇಪ್ಪತ್ನಾಲ್ಕು. ಶಿರೀನ್ ಇನ್ನೂ ಹುಟ್ಟಿರಲಿಲ್ಲ. ಎರಡು ವರ್ಷದ ಮಗ ಮಾಣಿಕ್. ಬೆಳಿಗ್ಗೆಯಿಂದಲೇ ತುಫಾನಿನ ಎಚ್ಚರಿಕೆಗೆ ಕೆಂಪು ಬಾವುಟ ಹಾರಿಸಿದ್ದರು. ಸಿಮೆಂಟಿನ ಆಶ್ರಯಮನೆ ಇದ್ದದ್ದು ಒಂದೂವರೆ ಮೈಲಿಯಲ್ಲಿ. ಗಂಡ ಸಂತೆಗೆ ಹೋಗಿದ್ದವನು ಬಂದು ಹೋಗೋಣ ಎನ್ನಲಿ ಎಂದು ಕಾದರು. ಗಂಡನನ್ನು ಕೇಳದೆ, ಗಂಡಸರು ತುಂಬಿದ ಕಟ್ಟಡಕ್ಕೆ ಹೋಗುವುದು ಹೇಗೆ? ದನ, ಕೋಳಿ ಬಿಟ್ಟು ಹೋಗುವುದು ಹೇಗೆ? ಕತ್ತಲಾದ ಮೇಲೆ ನೀರು ಗೋಡೆಯ ಹಾಗೆ ಬಂತು. ಹುಡುಗನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮರವೊಂದಕ್ಕೆ ಸಿಕ್ಕಿಕೊಂಡು ಬೆಳಿಗ್ಗೆ ಕಣ್ಣು ಬಿಟ್ಟಾಗ ಕೈ ಎರಡೂ ಹಾಗೆಯೇ ಹಿಡಿದ ಭಂಗಿಯಲ್ಲಿದ್ದವಂತೆ. ಒಳಗೆ ಯಾರೂ ಇರಲಿಲ್ಲ.

"ಅಣ್ಣ ಜ್ವರ ಬಂದು ಹೋದ ಅಂತ ಹೇಳಿದ್ದೆಯಲ್ಲಾ ಮಾ" ಎಂದಳು ಶಿರೀನ್.

"ಜ್ವರ ಅಂದ್ರೆ ಯಾರೂ ಬಯ್ಯಲ್ಲ."

ಶಿರೀನ್ ಅಮ್ಮನ ಮಂಡಿಗೆ ಮುಖ ಒತ್ತಿಕೊಂಡಳು. ಇಂಚರಳಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೂ ಅವಳು ಕೈ ಚಾಚಿ ಆಪಾರ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ಸೈರನ್ ನಿಂತಿತು. ಮಳೆ ಮಾತ್ರ ಸುರಿಯುತ್ತಲೇ ಇತ್ತು. ಎದ್ದು ಹೋಗೋಣ ಎಂದುಕೊಳ್ಳುವಾಗ ಆಪಾ ಬಹಳ ಶಾಂತವಾಗಿ "ನೀರು" ಎಂದರು. ಬೇಸ್‌ಮೆಂಟಿನ ನೆಲದ ನಡುವೆ ಇದ್ದ ಮೋರಿಯ ಜಾಲರಿಯಿಂದ ಕಪ್ಪು ನೀರು ಗುಳುಗುಳು ಉಕ್ಕುತ್ತಿತ್ತು. ಊರಿನ ಚರಂಡಿ ತುಂಬಿ ಹಿಂದಕ್ಕೆ ನುಗ್ಗಿತ್ತು. ನೋಡುತ್ತಿದ್ದಂತೆ ಕೊನೆಯ ಮೆಟ್ಟಿಲು ಮುಟ್ಟಿತು.

ಇಲ್ಲಿ ನೀರು ಬರುವುದಿಲ್ಲ ಎಂದು ಮಾತು ಕೊಟ್ಟವಳು ನಾನು. ಅವರು ನನ್ನ ಕಡೆ ನೋಡಲೂ ಇಲ್ಲ. ಅರ್ಧ ಗಂಟೆಯ ಹಿಂದೆ ಗಂಟಿನ ಮೇಲೆ ಗಂಟು ಹಾಕುತ್ತಿದ್ದ ಹೆಂಗಸು ಇವರೇನಾ ಎನ್ನುವ ಹಾಗಿತ್ತು ಅವರ ದನಿ. ಕೆಳಗಿಟ್ಟ ಬ್ಯಾಗು ತರಲು ಇಂಚರ ನೀರಿಗೆ ಕಾಲಿಡಲಿದ್ದಳು, ರಟ್ಟೆ ಹಿಡಿದು ಎಳೆದು "ಕರೆಂಟ್!" ಎಂದರು. ಎಲ್ಲರನ್ನೂ ಮೇಲಕ್ಕೆ ಹತ್ತಿಸಿದರು. ನಲ್ಲಿಯಲ್ಲಿ ಒಳ್ಳೆಯ ನೀರು ಬರುತ್ತಿರುವಾಗಲೇ ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿದರು. ಪಾಸ್‌ಪೋರ್ಟು, ಕಾಗದಪತ್ರ, ಮಗುವಿನ ಬಟ್ಟೆ ಒಂದು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಡಿಸಿದರು. ನಾಲ್ಕು ಹೆಂಗಸರು ಅವರ ಮಾತಿನಂತೆ ಓಡಾಡಿದೆವು ಎನ್ನಬೇಕು, ಮಗುವೂ ಹೆಣ್ಣೇ ಆದ್ದರಿಂದ.

ಆಮೇಲೆ ನಾನು ಮೇಲಿನ ಕೋಣೆಗೆ ಹೋಗಿ ನೋಡಿದೆ. ಮೇಪಲ್ ಮರದ ಕೊಂಬೆ ಕಿಟಕಿ ಒಡೆದು ಒಳಗೆ ಬಂದು, ಅವರು ಕೂತಿದ್ದ ಜಾಗದ ಮೇಲೆ ಬಿದ್ದಿತ್ತು. ಗಾಜಿನ ಚೂರು ಗುಡಿಸಿ ಬಂದೆ.

ಮಾರನೆಯ ದಿನ

ಬೆಳಿಗ್ಗೆ ಬೀದಿಯುದ್ದಕ್ಕೂ ನೆನೆದ ಕಂಬಳಿ, ಹಾಸಿಗೆ, ಸೋಫಾ, ಆಟದ ಸಾಮಾನು ಗುಡ್ಡೆ ಬಿದ್ದಿದ್ದವು. ಹತ್ತಾರು ದೇಶಗಳಿಂದ ಬಂದವರ ಮನೆಯೊಳಗಿನ ಗುಟ್ಟೆಲ್ಲ ಪಾದಚಾರಿ ಕಟ್ಟೆಯ ಮೇಲೆ. ಶ್ರೀಧರ್ ಆಫೀಸಿಗೆ ರಜೆ ಹಾಕಿ, ಗ್ಯಾರೇಜಿನಲ್ಲಿದ್ದ ಪಂಪು ಕಾರಿಗೆ ಹಾಕಿಕೊಂಡು ಬಂದರು. ವನಜ ಒಂದು ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಕಲಸಿ ತಂದಳು. ಕಮಾಲ್ ಮತ್ತು ಶ್ರೀಧರ್ ಕೆಳಗೆ ಕೊಳಕು ನೀರು ತೆಗೆಯುವಾಗ, ವನಜ ಮೂಗಿಗೆ ಸೆರಗಿನ ಬದಲು ದುಪಟ್ಟಾ ಕಟ್ಟಿಕೊಂಡು ಆಪಾರ ಜೊತೆ ಮೆಟ್ಟಿಲು ಉಜ್ಜಿದಳು. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಅಷ್ಟಾದರೂ ಯಾವ ಬ್ರಷ್ ಸರಿಯಿಲ್ಲ ಎಂಬ ಬಗ್ಗೆ ಅವರಲ್ಲಿ ಚರ್ಚೆಯಾಯಿತು.

ಹಿಂದಿರುಗುವಾಗ ಕಾರಿನಲ್ಲಿ ವನಜ ಕೇಳಿದಳು. "ಅಕ್ಕಾ, ಅವತ್ತು ಏರ್‌ಪೋರ್ಟಲ್ಲಿ ಫೋನಲ್ಲಿ ನಾನು ಅಂದಿದ್ದು ಅವರಿಗೆ ಕೇಳಿಸಿತ್ತಾ?"

"ಕೇಳಿಸಿತ್ತು. ಕನ್ನಡ, ಅರ್ಥ ಆಗಿರಲ್ಲ ಬಿಡು."

"ಆಗಿರತ್ತೆ" ಎಂದಳು.

ಆಮೇಲಿನ ಭಾನುವಾರಗಳಲ್ಲಿ ನಾನು ಹೇಳುವ ಮೊದಲೇ ಅವಳು ಹ್ಯಾಮ್‌ಟ್ರಾಮಿಕ್‌ಗೆ ಹೊರಡುತ್ತಿದ್ದಳು. ಇಂಚರ ಮಾತ್ರ ಒಂದು ದಿನ ನನ್ನನ್ನು ಕೂರಿಸಿಕೊಂಡು, ಅಂದು ಮೆಟ್ಟಿಲ ಮೇಲೆ ಆಂಟಿ ಹೇಳಿದ್ದು ಏನು ಎಂದು ಕೇಳಿದಳು. ಕನ್ನಡದಲ್ಲೇ ಹೇಳಿದೆ. ಪೂರ್ತಿ ಕೇಳಿ, ಮೊಟ್ಟಮೊದಲ ಬಾರಿಗೆ ಕನ್ನಡದಲ್ಲಿ ಉತ್ತರ ಕೊಟ್ಟಳು. "ನಂಗೆ ಅವರ ಕಾಲು ತುಂಬಾ ತಣ್ಣಗಿತ್ತು ಅಂತ ಮಾತ್ರ ಗೊತ್ತಾಯ್ತು ದೊಡ್ಡಮ್ಮ."

ಸೆಪ್ಟೆಂಬರ್, ಸೋರೆ ಚಪ್ಪರದ ಕೆಳಗೆ

ನಾನು ಹೊರಡುವ ಹಿಂದಿನ ವಾರ ಆಪಾ ಕೂಡ ಹೊರಡುವ ತಯಾರಿಯಲ್ಲಿದ್ದರು. ಇನ್ನೂ ಎರಡು ತಿಂಗಳು ಇರಲು ಅನುಮತಿಯಿತ್ತು. ಮಗಳು ಅತ್ತಳು, ಅಳಿಯ ಬೇಡಿಕೊಂಡರು. ಅವರು ಒಪ್ಪಲಿಲ್ಲ. ಹಿತ್ತಲಿನಲ್ಲಿ ಸೋರೆಕಾಯಿ ಕೀಳುತ್ತಿದ್ದಾಗ ನಾನೂ ಕೇಳಿದೆ. "ಇಲ್ಲೇ ಇರಬಾರದಾ ಆಪಾ? ಮಗು ಇನ್ನೂ ಈಗ ನಗೋಕೆ ಶುರು ಮಾಡಿದೆ."

"ಅಕ್ಟೋಬರ್‌ನಲ್ಲಿ ತುಫಾನಿನ ಕಾಲ ಶುರು ಆಗುತ್ತೆ ದೀದಿ."

"ಅದಕ್ಕೇ ಅಲ್ವಾ ಹೇಳೋದು?"

"ಅದಕ್ಕೇ ಹೋಗೋದು."

ಆಗ ಹೇಳಿದರು. ಮಾಣಿಕ್ ಹೋದ ನಾಲ್ಕು ವರ್ಷಕ್ಕೆ ಅವರು ಊರಿನ ತುಫಾನು ಸ್ವಯಂಸೇವಕರ ಗುಂಪು ಸೇರಿದರಂತೆ. ಈಗ ಇಪ್ಪತ್ತು ಮನೆಗಳ ಒಂದು ಕೇರಿ ಅವರದು. ಬಾವುಟ ಏರಿದ ಕೂಡಲೇ ಕೈಯಲ್ಲಿ ಹಿಡಿಯುವ ಮೈಕು ತೆಗೆದುಕೊಂಡು ಮನೆ ಮನೆಗೆ ಹೋಗುತ್ತಾರೆ. ಈಗ ಆಶ್ರಯಮನೆ ಹತ್ತಿರದಲ್ಲೇ ಇದೆ. ರೇಡಿಯೊ ಇದೆ, ಫೋನಿದೆ. ಎಷ್ಟು ಹೊತ್ತಿಗೆ ಗಾಳಿ ಬರುತ್ತದೆ ಎಂದೂ ಮೊದಲೇ ತಿಳಿಯುತ್ತದೆ. ಆದರೂ ಹೆಂಗಸರು ಹೊರಗೆ ಬರುವುದಿಲ್ಲ. ಗಂಡ ಬರಲಿ, ಅತ್ತೆ ಹೇಳಲಿ, ಕೋಳಿ ಗೂಡಿಗೆ ಸೇರಲಿ ಎನ್ನುತ್ತಾರೆ.

"ಗಂಡಸರು ಹೋಗಿ ಕೂಗಿದ್ರೆ ಬಾಗಿಲು ತೆಗೆಯಲ್ಲ. ನಾನು ಒಬ್ಬೊಬ್ಬಳನ್ನೂ ಹೆಸರು ಹಿಡಿದು ಕೂಗ್ತೀನಿ. ಬೈತೀನಿ. ಒಬ್ಬಳನ್ನ ಜುಟ್ಟು ಹಿಡಿದು ಎಳ್ಕೊಂಡು ಹೋಗಿದ್ದೆ, ಈಗಲೂ 'ಅಮ್ಮಾ' ಅಂತಾಳೆ. ಈ ಸಲ ನಾನಿಲ್ಲ ಅಂತ ಯಾರಾದರೂ ಮನೆಯಲ್ಲೇ ಕೂತುಬಿಟ್ಟರೆ?"

"ಏನಂತ ಕೂಗ್ತೀರಿ?" ಎಂದೆ.

ಆಪಾ ಸೋರೆಕಾಯಿಯನ್ನು ನನ್ನ ಕೈಗೆ ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮೊದಲು ನಾಚಿಕೊಂಡು ಸಣ್ಣಗೆ ಹೇಳಿ ತೋರಿಸಿದರು. "ಹೀಗಲ್ಲ, ಹೀಗಂದ್ರೆ ಕೋಳಿಯೂ ಬರಲ್ಲ" ಎಂದು ತಾವೇ ನಕ್ಕರು. ಆಮೇಲೆ ಎರಡೂ ಅಂಗೈಯನ್ನು ಬಾಯಿಯ ಸುತ್ತ ಹಿಡಿದು, ಎದೆ ತುಂಬ ಉಸಿರೆಳೆದು ಕೂಗಿದರು. ಆ ದನಿ ಅಷ್ಟು ದೊಡ್ಡದಿರಬಹುದೆಂದು ನಾನು ಎಣಿಸಿರಲಿಲ್ಲ. ಬಂಗಾಳಿ ನನಗೆ ಬಾರದು. ಆದರೆ ಅದರಲ್ಲಿದ್ದದ್ದು ಏಳು, ಮಗುವನ್ನು ಎತ್ತಿಕೋ, ಯಾರಿಗೂ ಕಾಯಬೇಡ, ಬಾ ಎಂದು ನನ್ನ ಮೈಗೆಲ್ಲ ಅರ್ಥವಾಯಿತು. ಚಪ್ಪರದ ಮೇಲಿದ್ದ ಗುಬ್ಬಿಗಳು ಒಟ್ಟಿಗೆ ಹಾರಿದವು.

ಪಕ್ಕದ ಮನೆಯ ಹಿಂಬಾಗಿಲು ಪಟ್ಟನೆ ತೆರೆಯಿತು. ಎಂಬತ್ತು ದಾಟಿದ ಬಿಳಿಯ ಮುದುಕಿ, ಪೋಲೆಂಡಿನಿಂದ ಬಂದವರ ಮಗಳಂತೆ, ಒಂಟಿಯಾಗಿರುವವಳು, ಕೈಯಲ್ಲಿ ಹಿಟ್ಟು ಮೆತ್ತಿದ ಸೌಟು ಹಿಡಿದು ಬರಿಗಾಲಲ್ಲೇ ಅಂಗಳಕ್ಕೆ ಓಡಿ ಬಂದಳು. ಏದುಸಿರು ಬಿಡುತ್ತಾ, ಏನಾಯಿತು, ಎಲ್ಲಿಗೆ ಹೋಗಬೇಕು ಎಂದು ಕೇಳಿದಳು.

ಆಪಾ ಕೈ ಇಳಿಸಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರ ಮುಖವೆಲ್ಲ ಅರಳಿತು.

"ನೋಡಿ ದೀದಿ" ಎಂದರು. "ಇವಳು ಬದುಕ್ತಾಳೆ."